ಕಿಲಿಮಂಜಾರೋ ತಯಾರಿ

ಜನವರಿ ಕೊನೆಗೆ ಕಿಲಿಮಂಜಾರೋ ಹತ್ತೋದು ಗಟ್ಟಿಯಾಯ್ತು! ಗೈಡ್ ಇಲ್ಲದೆ ಈ ಬೆಟ್ಟಕ್ಕೆ ಬಿಡೋದೇ ಇಲ್ಲ, ಹಾಗಾಗಿ ಕಂಪನಿ ಹುಡುಕೋದೇ ಮೊದಲ ಕೆಲಸ. ಮರಂಗು ದಾರಿಯ ಐದು ದಿನದ ಪ್ಯಾಕೇಜ್ ಅಗ್ಗ, ಆದರೆ 5,895 ಮೀಟರ್ ಎತ್ತರಕ್ಕೆ ಮೈ ಒಗ್ಗೋಕೆ ಅಷ್ಟು ದಿನ ಸಾಲಲ್ಲ. ಎಂಟು ದಿನದ ಲೆಮೋಶೋ ದಾರಿ ಆರಿಸಿದೆ. ಅದರಲ್ಲಿ ಒಂದು ದಿನ ಸುಮಾರು 4,600 ಮೀಟರ್ ಎತ್ತರದಲ್ಲಿರೋ ಲಾವಾ ಟವರ್ ಅನ್ನೋ ಬಂಡೆ ತನಕ ಹತ್ತಿ, ಊಟ ಮಾಡಿ, ನಿದ್ದೆಗೆ ಬರಾಂಕೋ ಕ್ಯಾಂಪಿಗೆ ಆರೇಳು ನೂರು ಮೀಟರ್ ಇಳಿಯಬೇಕು. ಹತ್ತಿದ್ದು ವ್ಯರ್ಥ ಅನ್ನಿಸಬಹುದು, ಮೈ ಎತ್ತರಕ್ಕೆ ಒಗ್ಗೋದೇ ಹಾಗೆ.

ರೇಟು ಹೋಲಿಸ್ತಾ ಕೂತಾಗ ಒಂದು ಯೋಚನೆ ಬಂತು. ಇಷ್ಟು ಕಡಿಮೆಗೆ ಕರ್ಕೊಂಡು ಹೋಗೋರು ಯಾರ ಹೊಟ್ಟೆ ಮೇಲೆ ಹೊಡೆದು ಉಳಿಸ್ತಾರೆ? ನಮ್ಮ ಟೆಂಟು, ಸ್ಟವ್ವು, ತರಕಾರಿ ಎಲ್ಲಾ ಹೊತ್ತುಕೊಂಡು ನಮಗಿಂತ ಮುಂಚೆ ಕ್ಯಾಂಪ್ ಸೇರೋರು ಪೋರ್ಟರ್‌ಗಳು. ಒಬ್ಬರಿಗೆ 20 ಕೆಜಿ ಮಿತಿ, ಗೇಟಲ್ಲಿ ತೂಕ ಹಾಕ್ತಾರೆ. ಅದಕ್ಕೇ ಎಲ್ಲಾ ಕಂಪನಿಗಳಿಗೂ ಕೇಳಿದೆ, ಅವರಿಗೆ ದಿನಗೂಲಿ ಎಷ್ಟು, ಮೂರು ಹೊತ್ತು ಊಟ ಇದೆಯಾ, ಮಲಗೋಕೆ ಒಳ್ಳೆ ಟೆಂಟ್ ಇದೆಯಾ ಅಂತ. ನೇರವಾಗಿ ಉತ್ತರ ಕೊಟ್ಟವರಿಗೇ ಅಡ್ವಾನ್ಸ್ ಕಳಿಸಿದೆ. ನನ್ನ ಬ್ಯಾಗು 15 ಕೆಜಿ ಒಳಗಿರಬೇಕು, ಪಟ್ಟಿಯಿಂದ ಜೀನ್ಸ್ ಆಗಲೇ ಹೊಡೆದು ಹಾಕಿದೆ.