ಉಳುಕಿದ ಕಾಲಿಗೆ ಬ್ಯಾಲೆನ್ಸ್ ಪಾಠ: ಇಲ್ಲಿಯವರೆಗಿನ ಲೆಕ್ಕ

ಬಲಗಾಲಿನ ನೋವು ಹೋಗಿದೆ. ಊತ ಇಳಿದಿದೆ. ಸಂಜೆ ಹೊತ್ತಿಗೆ ಪಾದದ ಕೀಲಿನ ಹೊರಗಿನ ಗಂಟಿನ ಮುಂದೆ ಒಂಚೂರು ದಪ್ಪ ಕಾಣುತ್ತದೆ, ಅಷ್ಟೆ. ಕುಂಟದೆ ನಡೆಯುತ್ತೇನೆ, ಮೆಟ್ಟಿಲು ಹತ್ತಿ ಇಳಿಯುತ್ತೇನೆ. ನೋಡಿದವರೆಲ್ಲ "ವಾಸಿಯಾಯ್ತಲ್ಲ" ಅನ್ನುತ್ತಾರೆ. ಆದರೆ ಈ ಪಾಠ ಶುರು ಮಾಡಿದಾಗ ಬಲಗಾಲಿನ ಮೇಲೆ ನಿಂತು ಕಣ್ಣು ಮುಚ್ಚಿದರೆ ನಾಲ್ಕು ಸೆಕೆಂಡಿಗೆ ವಾಲಿಬಿಡುತ್ತಿದ್ದೆ. ಎಡಗಾಲಿನಲ್ಲಿ ಇಪ್ಪತ್ತು ಸೆಕೆಂಡ್ ಆರಾಮಾಗಿ ದಾಟುತ್ತಿತ್ತು. ನನ್ನ ಮಟ್ಟಿಗೆ ವಾಸಿಯಾಗುವುದು ಅಂದರೆ ಈ ಅಂತರ ಕಡಿಮೆಯಾಗುವುದು. ನೋವು ಹೋಗಿದ್ದು ಅದರ ಅರ್ಧ ಮಾತ್ರ.

ಉಳುಕಿದ್ದು ಎಲ್ಲರ ಹಾಗೇ. ಬ್ಯಾಡ್ಮಿಂಟನ್ ಆಡುತ್ತಾ ಜಿಗಿದು ಇಳಿಯುವಾಗ ಪಾದ ಒಳಕ್ಕೆ ಮಗುಚಿತು, ಮೈಭಾರ ಪೂರ್ತಿ ಹೊರ ಅಂಚಿನ ಮೇಲೆ ಬಿತ್ತು. ಆ ಬದಿಯಲ್ಲಿ ಮೂಳೆಗೆ ಮೂಳೆ ಕಟ್ಟುವ ಮೂರು ಲಿಗಮೆಂಟ್ ಇವೆ. ಹೀಗೆ ಮಗುಚಿದಾಗ ಸಾಮಾನ್ಯವಾಗಿ ಮೊದಲು ಏಟು ತಿನ್ನುವುದು ಮುಂದಿನದು, ಡಾಕ್ಟರುಗಳು ಕರೆಯುವಂತೆ ಎಟಿಎಫ್‌ಎಲ್. ಡಾಕ್ಟರು ಎರಡೂ ಗಂಟಿನ ಮೂಳೆಯ ಹಿಂಬದಿ ಒತ್ತಿ ನೋಡಿದರು, ಪಾದದ ಮೂಳೆ ಒತ್ತಿದರು, ನಾಲ್ಕು ಹೆಜ್ಜೆ ನಡೆಸಿದರು. ಎಕ್ಸ್‌ರೇ ಬೇಡ ಅಂದರು. ಕೆನಡಾದಲ್ಲಿ 1992ರಲ್ಲಿ ರೂಪಿಸಿದ ಒಟ್ಟಾವಾ ನಿಯಮ ಇದೇ. ಆ ಜಾಗಗಳಲ್ಲಿ ಮೂಳೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಇಡಲು ಆಗುತ್ತದೆ ಅಂದರೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಸರಿ, ಮೂಳೆ ಗಟ್ಟಿ, ನೋವಿಲ್ಲ. ಮತ್ತೆ ಬ್ಯಾಲೆನ್ಸ್ ಯಾಕೆ ಕೆಟ್ಟಿತು? ಲಿಗಮೆಂಟ್ ಬರೀ ಕಟ್ಟುವ ಹಗ್ಗ ಅಲ್ಲ. ಅದರೊಳಗೆ ನರದ ತುದಿಗಳಿವೆ, ಕೀಲು ಎಷ್ಟು ವಾಲಿದೆ ಅಂತ ಅವು ಮೇಲಕ್ಕೆ ಸುದ್ದಿ ಕಳಿಸುತ್ತವೆ. ಪಾದ ಒಳಕ್ಕೆ ಮಗುಚತೊಡಗಿದ ಕೂಡಲೇ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಪೆರೋನಿಯಲ್ ಸ್ನಾಯುಗಳು ಅದನ್ನು ಹೊರಕ್ಕೆ ಎಳೆದು ಹಿಡಿಯಬೇಕು. ಲಿಗಮೆಂಟ್ ಹರಿದಾಗ ಈ ಸುದ್ದಿಯ ದಾರಿಯೂ ಕೆಡುತ್ತದೆ ಅನ್ನುವ ಮಾತನ್ನು ಬ್ರಿಟನ್ನಿನ ಮೂಳೆ ಡಾಕ್ಟರ್ ಫ್ರೀಮನ್ 1965ರಲ್ಲೇ ಮುಂದಿಟ್ಟಿದ್ದರು. ವಾಲಾಡುವ ಹಲಗೆಯ ಮೇಲೆ ನಿಲ್ಲಿಸಿ ಪಳಗಿಸಿದರೆ ಕಾಲು ಪದೇಪದೇ ಮಗುಚುವುದು ಕಡಿಮೆಯಾಗುತ್ತದೆ ಅಂತಲೂ ತೋರಿಸಿದರು. ಈಗಿನವರು ಅದಕ್ಕೆ ಇನ್ನಷ್ಟು ಸೇರಿಸಿದ್ದಾರೆ: ಮಿದುಳು ಕಾಲಿನ ಸುದ್ದಿಯನ್ನು ಬಿಟ್ಟು ಕಣ್ಣಿನ ಮೇಲೆ ಜಾಸ್ತಿ ಭಾರ ಹಾಕಲು ಶುರು ಮಾಡುತ್ತದಂತೆ. ನನ್ನ ನಾಲ್ಕು ಸೆಕೆಂಡಿನ ಗುಟ್ಟು ಅಲ್ಲೇ ಇರಬೇಕು. ಕಣ್ಣು ಮುಚ್ಚಿದರೆ ಬ್ಯಾಲೆನ್ಸಿನ ಸುದ್ದಿ ಕೊಡಲು ಉಳಿಯುವುದು ಒಳಕಿವಿ ಮತ್ತು ಕಾಲು, ಎರಡೇ.

ಮೊದಲ ಹಂತ

ಬರಿಗಾಲು, ಗಟ್ಟಿ ನೆಲ, ಕೈಗೆ ಎಟುಕುವಷ್ಟು ದೂರದಲ್ಲಿ ಗೋಡೆ. ಬೇರೇನೂ ಬೇಡ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರೂ ಕಡೆ ಭಾರ ಸಮನಾಗಿರಬೇಕು. ಮೊಣಕಾಲು ಒಂಚೂರು ಮಡಿಸಿರಬೇಕು. ಬೆರಳುಗಳಿಂದ ನೆಲವನ್ನು ಪರಚಿ ಹಿಡಿಯಬಾರದು. ಓದಲು ಸುಲಭ ಅಲ್ವಾ? ನಿಂತು ಕಾಲಿನ ಕಡೆ ಬಗ್ಗಿ ನೋಡಿ. ಪಾದದ ಮೇಲಿನ ನರಗಳಂಥ ಎಳೆಗಳು ಒಂದಾದ ಮೇಲೊಂದು ಎದ್ದು ಅಡಗುತ್ತಿರುತ್ತವೆ. ಹೆಬ್ಬೆರಳಿನ ಬುಡ ನೆಲ ಬಿಟ್ಟು ಮತ್ತೆ ಕೂರುತ್ತದೆ. ಎಡಗಾಲಿನಲ್ಲಿ ಈ ಅಲುಗಾಟ ಸಣ್ಣದು, ಬೇಗ ಬೇಗ. ಬಲಗಾಲಿನಲ್ಲಿ ಒಂದು ಕ್ಷಣ ಏನೂ ಇಲ್ಲ, ಆಮೇಲೆ ದೊಡ್ಡದೊಂದು ಎಳೆತ. ಸುದ್ದಿ ತಡವಾಗಿ ಬರುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಇದನ್ನು ನೋಡಿಯೇ. ಹೊರಬದಿಯ ಸ್ನಾಯು ಅರ್ಧ ನಿಮಿಷಕ್ಕೇ ಉರಿಯುತ್ತಿತ್ತು.

ಹಲ್ಲುಜ್ಜುವಾಗ ಬಲಗಾಲಿನಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಕೈ ಅಲ್ಲಾಡುತ್ತಿರುತ್ತದೆ, ಗಮನ ಬೇರೆ ಕಡೆ ಇರುತ್ತದೆ. ನಿಜವಾದ ಪರೀಕ್ಷೆ ಅದೇ.

ಗೋಡೆ ಮತ್ತು ಟೇಪು

ಫಿಜಿಯೋ ಹೇಳಿಕೊಟ್ಟ ಒಂದು ಅಳತೆ ತುಂಬ ಉಪಯೋಗಕ್ಕೆ ಬಂತು. ಗೋಡೆಗೆ ಎದುರಾಗಿ ಪಾದ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳಿನ ತುದಿಯಿಂದ ಗೋಡೆಗೆ ಹೆಚ್ಚೆಂದರೆ ಎಷ್ಟು ದೂರ ಹೋಗಬಹುದು ಅಂತ ಅಳೆಯುವುದು. ಎಡಗಾಲು 11 ಸೆಂ.ಮೀ. ಬಲಗಾಲು ಶುರುವಿನಲ್ಲಿ 6, ಈಗ 9. ಕೀಲು ಬಿಗಿಯಾಗಿದ್ದರೆ ಬ್ಯಾಲೆನ್ಸ್ ಎಷ್ಟು ಮಾಡಿದರೂ ಅಷ್ಟಕ್ಕಷ್ಟೇ. ಕೆಳಗೆ ಬಗ್ಗದ್ದನ್ನು ಸೊಂಟ ಅಡ್ಡಾದಿಡ್ಡಿ ಸರಿದು ತುಂಬಿಕೊಡುತ್ತದೆ.

ನೆಲದ ಮೇಲೆ ಟೇಪಿನಿಂದ ಮೂರು ಗೆರೆ ಹಾಕಿದ್ದೇನೆ: ಒಂದು ಮುಂದಕ್ಕೆ, ಎರಡು ಹಿಂದಕ್ಕೆ ಓರೆಯಾಗಿ. ಬಲಗಾಲಿನಲ್ಲಿ ನಿಂತು ಎಡಗಾಲಿನ ತುದಿಯನ್ನು ಪ್ರತಿ ಗೆರೆಯಗುಂಟ ಆದಷ್ಟು ದೂರ ಚಾಚಿ, ಭಾರ ಹಾಕದೆ ವಾಪಸ್ ತರುವುದು. ಹಿಂದಿನ ಎರಡೂ ಗೆರೆ ಬೇಗ ಸರಿಹೋದವು. ಮುಂದಿನದು ಹಟ ಹಿಡಿದು ಕೂತಿತ್ತು, ಗೋಡೆ ಅಳತೆ ಹೆಚ್ಚಿದ ಮೇಲೆ ಅದೂ ಸರಿಯಿತು. ಎರಡಕ್ಕೂ ನಂಟು ಇದ್ದೇ ಇದೆ.

ವಾಬಲ್ ಬೋರ್ಡ್, ಅಂದರೆ ಆ ವಾಲಾಡುವ ಹಲಗೆಯ ಬಗ್ಗೆ ಒಂದು ಮಾತು. ಒಳ್ಳೆಯ ಸಾಧನವೇ, ಆದರೆ ಮೊದಲ ದಿನದಿಂದಲೇ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗಟ್ಟಿ ನೆಲದಲ್ಲಿ ಕಣ್ಣು ಮುಚ್ಚಿ ನಿಲ್ಲುವುದು ನನಗೆ ಬೋರ್ಡಿನ ಮೇಲೆ ಕಣ್ಣು ಬಿಟ್ಟು ನಿಲ್ಲುವುದಕ್ಕಿಂತ ಕಷ್ಟ. ನಡುವಿನ ಹಂತಕ್ಕೆ ಮಡಚಿದ ದಪ್ಪ ಟವೆಲ್ ಸಾಕಾಯಿತು. ಇನ್ನು ಗಾಳಿ ತುಂಬಿದ ಚೆಂಡಿನ ಮೇಲೆ ಹತ್ತಿ ಡಂಬೆಲ್ ಎತ್ತುವ ವಿಡಿಯೋಗಳು, ಅವು ಸುಮ್ನೆ ಸರ್ಕಸ್ಸು.

ಸದ್ಯಕ್ಕೆ

ಕಣ್ಣು ಮುಚ್ಚಿ ಬಲಗಾಲು: 14 ಸೆಕೆಂಡ್. ಮಜಾ ಏನಪ್ಪಾ ಅಂದ್ರೆ ಎಡಗಾಲೂ ಸುಧಾರಿಸಿ ಈಗ ಮೂವತ್ತರ ಹತ್ತಿರ ಹೋಗಿದೆ, ಹಾಗಾಗಿ ನನ್ನ ಗುರಿಯೂ ಮುಂದೆ ಓಡುತ್ತಿದೆ. ಬರೀ ಸೆಕೆಂಡ್ ನೋಡುವುದನ್ನು ಬಿಟ್ಟು, ಅರ್ಧ ನಿಮಿಷದಲ್ಲಿ ಎತ್ತಿದ ಕಾಲು ಎಷ್ಟು ಸಲ ನೆಲ ಮುಟ್ಟಿತು ಅಂತ ಎಣಿಸುತ್ತಿದ್ದೇನೆ. ಒಂದು ಕೆಟ್ಟ ವಾಲಾಟಕ್ಕೆ ಲೆಕ್ಕವೆಲ್ಲ ಹಾಳಾಗುವುದಿಲ್ಲ. ಸುಸ್ತಾದ ದಿನ ಅಂಕಿ ಪಕ್ಕಾ ಇಳಿಯುತ್ತದೆ.

ಜೊತೆಗೆ ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಎಲಾಸ್ಟಿಕ್ ಬ್ಯಾಂಡ್ ಹಾಕಿ ಪಾದವನ್ನು ಹೊರಕ್ಕೆ ತಳ್ಳುವುದು ನಡೆದಿದೆ. ಮೀನಖಂಡ ಇನ್ನೂ ಸೊರಗಿಯೇ ಇದೆ. ಕಾಯ್ದೆ ಒಂದೇ: ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಊತ ಜಾಸ್ತಿಯಾಗಿದ್ದರೆ ಒಂದು ಹಂತ ಕೆಳಗೆ.

ಮುಂದಿನದು ಜಿಗಿತ. ಮೊದಲು ಎರಡು ಕಾಲಲ್ಲಿ ಜಿಗಿದು ಬಲಗಾಲಿನಲ್ಲಿ ಇಳಿಯುವುದು, ಇಳಿದ ಮೇಲೆ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲುವುದು. ಆಮೇಲೆ ಒಂಟಿಕಾಲಿನಲ್ಲಿ ಮುಂದಕ್ಕೆ. ಪಕ್ಕಕ್ಕೆ ಜಿಗಿಯುವುದನ್ನು ಕೊನೆಗೆ ಇಟ್ಟಿದ್ದೇನೆ, ಕಾಲು ಮಗುಚಿದ್ದೇ ಆ ದಿಕ್ಕಿಗೆ ತಾನೆ. ಕೋರ್ಟಿಗೆ ವಾಪಸ್ ಹೋದರೂ ಕೀಲಿಗೆ ಆಸರೆ ಕೊಡುವ ಬ್ರೇಸ್ ಹಾಕಿಕೊಂಡೇ ಆಡುತ್ತೇನೆ. ಬ್ರೇಸ್ ಹಾಕಿದರೆ ಕಾಲು ಸೋಮಾರಿಯಾಗುತ್ತದೆ ಅಂತ ಜೊತೆಗಾರರು ರೇಗಿಸುತ್ತಾರೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದನ್ನು ಬ್ರೇಸ್ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಬೇಕಾದಷ್ಟು ಆಧಾರ ಇದೆ, ರೇಗಿಸಲಿ ಬಿಡಿ.