ಹಿಮ ಬೀಳೋ ಊರಲ್ಲಿ ಅಂಜೂರ ಹೆಂಗ ಬೆಳದ್ರಿ?

"ಏನ್ರೀ, ಅಲ್ಲಿ ಮೊಣಕಾಲಮಟ ಹಿಮ ಬೀಳ್ತದ ಅಂತೀರಿ, ಮತ್ತ ಅಂಜೂರ ಹೆಂಗ ಬೆಳದ್ರಿ?"

ಬಳ್ಳಾರಿಗೆ ವಾಪಸ್ ಬಂದ ಮೇಲೆ ನನಗೆ ಜಾಸ್ತಿ ಎದುರಾದ ಪ್ರಶ್ನೆ ಇದೇ. ಕೆನಡಾದ ಟೊರಾಂಟೊ ಪಕ್ಕದ ಒಂದು ಊರಲ್ಲಿ, ಮಗಳ ಮನೆಯಲ್ಲಿ, 6 ವರ್ಷ ಇದ್ದೆ. ಅಲ್ಲಿ ಕುಂಡದಲ್ಲಿ 4 ಅಂಜೂರದ ಗಿಡ ಸಾಕಿದ್ದೆ. ಆ ಫೋಟೊ ನೋಡಿದವರೆಲ್ಲ ಕೇಳುತ್ತಾರೆ. ಕೌಲ್ ಬಜಾರಿನ ಹಣ್ಣಿನ ಗಾಡಿಯವರು ಕೇಳಿದ್ದಾರೆ, ರಾಯಚೂರಿನ ಬೀಗರು ಕೇಳಿದ್ದಾರೆ, ಈಗ ನಮ್ಮ ಕಡೆಯಿಂದ ಕೆಲಸಕ್ಕೆ ಅಂತ ಚಳಿ ದೇಶಗಳಿಗೆ ಹೋದ ಹುಡುಗರೂ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ಚಳಿ ಬಂದರೆ ಅಂಜೂರ ಎಲೆ ಉದುರಿಸಿ ಮಲಗುತ್ತದೆ. ಅದನ್ನು ಮಲಗಲು ಬಿಡಬೇಕು. ನನ್ನ ಉತ್ತರ ಇಷ್ಟೇ. ಆದರೆ ಇಷ್ಟನ್ನು ಕಲಿಯುವಷ್ಟರಲ್ಲಿ ಒಂದು ಗಿಡ ಹೋಯಿತು.

ಮೊದಲನೇ ವರ್ಷ ನಾನು ಮಾಡಿದ್ದು ಏನು ಅಂದರೆ, ಅಕ್ಟೋಬರ್‌ನಲ್ಲಿ ಚಳಿ ಶುರುವಾದ ಕೂಡಲೇ ಪಾಪ ಗಿಡಕ್ಕೆ ಚಳಿಯಾಗುತ್ತದೆ ಅಂತ ಕುಂಡವನ್ನು ಎತ್ತಿ ಹಾಲ್‌ನಲ್ಲಿ, ಹೀಟರ್ ಪಕ್ಕದಲ್ಲಿ, ಕಿಟಕಿಗೆ ಹತ್ತಿರ ಇಟ್ಟೆ. ದಿನಾ ನೀರು ಹಾಕಿದೆ. ಎಲೆ ಹಳದಿಯಾಗಿ ಉದುರಿತು. ಗಾಬರಿಯಾಗಿ ಇನ್ನೂ ನೀರು ಹಾಕಿದೆ. ಡಿಸೆಂಬರ್‌ನಲ್ಲಿ ದಾರದಂಥ ಬಿಳಿಚು ಚಿಗುರು ಬಂತು. ಬಿಸಿಲೇ ಇಲ್ಲದ ಹೊತ್ತಲ್ಲಿ ಬಂದ ಚಿಗುರು, ನಿಲ್ಲುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಹೀಟರಿನ ಒಣ ಗಾಳಿಗೆ ಎಲೆ ಕೆಳಗೆ ನುಸಿ ಹತ್ತಿತು. ಫೆಬ್ರವರಿ ಹೊತ್ತಿಗೆ ಬೇರು ಕೊಳೆತು ಗಿಡ ಮುಗಿದೇ ಹೋಯಿತು.

ಕೊಪ್ಪಳದ ಹತ್ತಿರ ದಾಳಿಂಬೆ ಬೆಳೆಯುವ ಅಕ್ಕನ ಗಂಡನಿಗೆ ಫೋನ್ ಮಾಡಿ, "ಮಾಮಾ, ಇಷ್ಟು ಜ್ವಾಕಿ ಮಾಡಿದ್ರೂ ಗಿಡ ಹೋತು" ಅಂದೆ. ಅವರು ಎಲ್ಲ ಕೇಳಿಸಿಕೊಂಡು, "ನಾವು ದಾಳಿಂಬಿಗೆ ರೆಸ್ಟ್ ಕೊಡ್ತೀವಲ್ಲ, ನೀ ಅದಕ್ಕ ರೆಸ್ಟ್ ಎಲ್ಲಿ ಕೊಟ್ಟಿ? ಮಲಗಾಕ ಬಿಡಬೇಕಪ ಅದನ್ನ" ಅಂದರು.

ಆಗ ನನಗೆ ಅಪ್ಪನ ತೋಟ ನೆನಪಾಯಿತು. ಕುರುಗೋಡಿನ ಕಡೆ ನಮಗೆ ಒಂದಿಷ್ಟು ಅಂಜೂರ ಇತ್ತು. ಬಳ್ಳಾರಿ ಅಂಜೂರ ಅಂದರೆ ಹೆಸರಿದೆ, ಗೊತ್ತಲ್ವಾ. ನಮ್ಮಲ್ಲಿ ಎಲೆ ಉದುರಿಸುವಷ್ಟು ಚಳಿ ಬೀಳುವುದಿಲ್ಲ. ಅದಕ್ಕೆ ಅಪ್ಪ ನೀರು ನಿಲ್ಲಿಸುತ್ತಿದ್ದರು. ಕೆಲವು ವಾರ ಗಿಡ ಒಣಗಲು ಬಿಟ್ಟು, ಚಾಟ್ನಿ ಮಾಡಿ, ಅಂದರೆ ಕೊಂಬೆ ಸವರಿ, ತಿಪ್ಪೆ ಗೊಬ್ಬರ ಕೊಟ್ಟು, ಆಮೇಲೆ ನೀರು ಬಿಟ್ಟರೆ ಹೊಸ ಚಿಗುರಿನ ಜೊತೆಗೇ ಕಾಯಿ ಕಾಣಿಸುತ್ತಿತ್ತು. ಅಲ್ಲಿ ಅದೇ ಕೆಲಸವನ್ನು ಚಳಿ ತಾನೇ ಮಾಡುತ್ತದೆ. ನಾನು ಅದಕ್ಕೆ ಅಡ್ಡ ನಿಂತಿದ್ದೆ.

ಎರಡನೇ ವರ್ಷದಿಂದ ಹೀಗೆ ಮಾಡಿದೆ. ಶರತ್ಕಾಲದ ಮೊದಲ ಒಂದೆರಡು ತೆಳು ಇಬ್ಬನಿ-ಹಿಮ ಗಿಡಕ್ಕೆ ತಾಗಲಿ ಅಂತ ಹೊರಗೇ ಬಿಟ್ಟೆ. ಎಲೆ ತಾನಾಗಿ ಉದುರಿತು. ಅದಾದ ಮೇಲೆ ಕುಂಡವನ್ನು ಗ್ಯಾರೇಜಿಗೆ ತಳ್ಳಿದೆ. ಅಲ್ಲಿ ಹೀಟರ್ ಇಲ್ಲ, ಬೆಳಕೂ ಇಲ್ಲ. ಮನೆಯ ಗೋಡೆಗೆ ಅಂಟಿಕೊಂಡಿರುವುದರಿಂದ 0 ಡಿಗ್ರಿಯಿಂದ 7–8 ಡಿಗ್ರಿ ಒಳಗೆ ಇರುತ್ತದೆ. ಎಲೆ ಇಲ್ಲದ ಗಿಡಕ್ಕೆ ಬೆಳಕು ಬೇಕಿಲ್ಲ. ತಿಂಗಳಿಗೊಮ್ಮೆ ಒಂದೆರಡು ಲೋಟ ನೀರು, ಬೇರು ಪೂರ್ತಿ ಒಣಗದಿದ್ದರೆ ಸಾಕು. ಗಿಡ ಸತ್ತಿದೆಯೋ ಅಂತ ಅನುಮಾನ ಬಂದರೆ ಉಗುರಿನಿಂದ ತೊಗಟೆ ಚೂರು ಗೀರಿ ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ.

ಮಲಗಿದ ಅಂಜೂರ ಸುಮಾರು ಮೈನಸ್ 10 ಡಿಗ್ರಿ ತನಕ ತಡೆಯುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮೇಲಿನ ಕಡ್ಡಿ ಸುಟ್ಟ ಹಾಗೆ ಕಪ್ಪಾಗುತ್ತದೆ, ಆದರೆ ನೆಲದಲ್ಲಿರುವ ಬೇರು ಉಳಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಟೊರಾಂಟೊದಲ್ಲಿ ಕೆಲವು ರಾತ್ರಿ ಮೈನಸ್ 20 ಮುಟ್ಟುತ್ತದೆ. ಕುಂಡದಲ್ಲಿ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ಹೊಡೆಯುವುದರಿಂದ ಹೊರಗೆ ಬಿಡುವ ಹಾಗಿಲ್ಲ.

ನೆಲದಲ್ಲೇ ನೆಟ್ಟವರೂ ಅಲ್ಲಿದ್ದಾರೆ. ನಮ್ಮ ಬೀದಿಯಲ್ಲಿ ಇಟಲಿಯಿಂದ ಬಂದ ಒಬ್ಬ ಅಜ್ಜ ಇದ್ದರು. ಟೊರಾಂಟೊ, ನ್ಯೂಯಾರ್ಕ್ ಕಡೆ ಹೋಗಿ ನೆಲೆಸಿದ ಇಟಲಿಯವರು ತಮ್ಮೂರಿನ ಅಂಜೂರವನ್ನು ಅಲ್ಲಿಯ ಹಿಮದಲ್ಲೂ ಬಿಟ್ಟುಕೊಟ್ಟಿಲ್ಲ. ಈ ಅಜ್ಜ ನವೆಂಬರ್‌ನಲ್ಲಿ ಗಿಡದ ಒಂದು ಪಕ್ಕ ಉದ್ದಕ್ಕೆ ಗುಂಡಿ ತೆಗೆದು, ಕೊಂಬೆಗಳನ್ನೆಲ್ಲ ಹಗ್ಗದಿಂದ ಬಿಗಿದು, ಇನ್ನೊಂದು ಪಕ್ಕದ ಬೇರು ಕತ್ತರಿಸಿ, ಇಡೀ ಗಿಡವನ್ನು ಮೆಲ್ಲಗೆ ಬಾಗಿಸಿ ಗುಂಡಿಯಲ್ಲಿ ಮಲಗಿಸುತ್ತಿದ್ದರು. ಮೇಲೆ ಹಲಗೆ, ಒಣ ಎಲೆ, ಆಮೇಲೆ ಮಣ್ಣು. ಮೊದಲ ಸಲ ನೋಡಿದಾಗ ನನಗೆ ಹಗೇವು ನೆನಪಾಯಿತು, ನಮ್ಮ ಹಿರಿಯರು ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಥೇಟ್ ಹಾಗೇ. ಏಪ್ರಿಲ್ ಕೊನೆಯಲ್ಲಿ ಮಣ್ಣು ಸರಿಸಿ ಗಿಡ ಎಬ್ಬಿಸಿ ನಿಲ್ಲಿಸುತ್ತಿದ್ದರು. ಬಗ್ಗಿಸಲು ಆಗದಷ್ಟು ದಪ್ಪ ಗಿಡವಾದರೆ ಗೋಣಿಚೀಲ ಸುತ್ತಿ, ಮಳೆ ನೀರು ಇಳಿಯದಂತೆ ತುದಿಗೆ ಬಕೆಟ್ ಬೋರಲು ಹಾಕುತ್ತಾರೆ.

ಆದರೆ ನನ್ನ ಅನುಭವದಲ್ಲಿ ಚಳಿಗಾಲ ದಾಟಿಸುವುದು ಸುಲಭದ ಕೆಲಸ. ಕಷ್ಟ ಇರುವುದು ಬೇಸಿಗೆಯಲ್ಲಿ. ಅಲ್ಲಿ ಬೇಸಿಗೆ ಬಹಳ ಸಣ್ಣದು. ಮೇ ಮಧ್ಯದ ತನಕ ಹಿಮದ ಭಯ, ಅಕ್ಟೋಬರ್‌ನಲ್ಲಿ ಮತ್ತೆ ಅದೇ ಭಯ. ಕಾಯಿ ಕಾಣಿಸಿಕೊಂಡು ಹಣ್ಣಾಗಲು ಸುಮಾರು 3 ತಿಂಗಳು ಬೇಕು. ಜುಲೈ ಕೊನೆಗೆ ಕಾಯಿ ಬಿಟ್ಟರೆ ಅಕ್ಟೋಬರ್‌ನಲ್ಲಿ ಹಸಿರು ಕಾಯಿ ಹಾಗೇ ಉಳಿಯುತ್ತದೆ. ಗಿಡದಿಂದ ಕಿತ್ತ ಅಂಜೂರದ ಕಾಯಿ ಮಾವಿನ ಹಾಗೆ ಹುಲ್ಲಲ್ಲಿಟ್ಟರೆ ಹಣ್ಣಾಗುವುದಿಲ್ಲ. ನನ್ನ ಎರಡನೇ ವರ್ಷದ ಬೆಳೆ ಹೀಗೇ ಹೋಯಿತು. 30ಕ್ಕೂ ಜಾಸ್ತಿ ಕಾಯಿ, ಒಂದೂ ಹಣ್ಣಾಗಲಿಲ್ಲ.

ಅದಕ್ಕೆ ಬೇಗ ಹಣ್ಣಾಗುವ ತಳಿಯನ್ನೇ ಹುಡುಕಬೇಕು. ಚಿಕಾಗೊ ಹಾರ್ಡಿ ನನ್ನ ಕೈಹಿಡಿದ ಗಿಡ. ಚಳಿಗೆ ಕಡ್ಡಿ ಸತ್ತರೂ ಅದೇ ವರ್ಷದ ಹೊಸ ಚಿಗುರಲ್ಲಿ ಕಾಯಿ ಬಿಡುತ್ತದೆ. ಅಂಜೂರಕ್ಕೆ ಎರಡು ಬೆಳೆ ಇರುತ್ತದೆ: ಹಳೇ ಕಡ್ಡಿಯ ಮೇಲೆ ಬೇಸಿಗೆ ಮೊದಲಿಗೆ ಬರುವುದು ಒಂದು, ಹೊಸ ಚಿಗುರಿನ ಮೇಲೆ ತಡವಾಗಿ ಬರುವುದು ಇನ್ನೊಂದು. ಡೆಸರ್ಟ್ ಕಿಂಗ್ ಅನ್ನುವ ತಳಿ ಹಳೇ ಕಡ್ಡಿಯ ಬೆಳೆಗೆ ಹೆಸರುವಾಸಿ. ಅದನ್ನು ಸಾಕುವವರು ಚಳಿಗಾಲದಲ್ಲಿ ಕಡ್ಡಿ ಉಳಿಸಿಕೊಳ್ಳಲೇಬೇಕು, ಸಿಕ್ಕಾಪಟ್ಟೆ ಚಾಟ್ನಿ ಮಾಡಿದರೆ ಆ ಬೆಳೆಯೇ ಹೋಗುತ್ತದೆ.

ಚಿಗುರು 5–6 ಎಲೆ ಆದ ಕೂಡಲೇ ತುದಿ ಚಿವುಟಿ. ಗಿಡ ಉದ್ದ ಹೋಗುವುದು ಬಿಟ್ಟು ಕಾಯಿ ಕಡೆ ತಿರುಗುತ್ತದೆ. ಯೂರಿಯಾ ಕೊಡಬೇಡಿ. ಎಲೆ ಆನೆ ಕಿವಿಯಷ್ಟಾಗುತ್ತದೆ, ಕಾಯಿ ತಡವಾಗುತ್ತದೆ, ಆ ಎಳೇ ಕಡ್ಡಿ ಚಳಿಗೂ ಬೇಗ ಬಲಿಯಾಗುತ್ತದೆ. ಕುಂಡ 40–50 ಲೀಟರಿನದು ಇರಲಿ, ಕೆಳಗೆ ಗಾಲಿ ಇದ್ದರೆ ಸೊಂಟ ಉಳಿಯುತ್ತದೆ. ಬೇಸಿಗೆಯಲ್ಲಿ ದಿನಾ ನೀರು ಬೇಕು. ಒಂದು ದಿನ ಒಣಗಿಸಿ ಮರುದಿನ ಕುಂಡ ತುಂಬಿಸಿದರೆ ಹಣ್ಣು ಬಿರಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಗಿಡ ಮಲಗಿದ್ದಾಗ, ಕುಂಡದಿಂದ ಎತ್ತಿ ಸುತ್ತಲಿನ ಬೇರು ಎರಡು ಬೆರಳು ಅಗಲ ಕತ್ತರಿಸಿ ಹೊಸ ಮಣ್ಣು ತುಂಬಿ.

ವಸಂತದಲ್ಲಿ ಆತುರ ಮಾಡಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಒಂದು ವಾರ ಬೆಚ್ಚಗಾಗುತ್ತದೆ, ಬಳ್ಳಾರಿಯವರಿಗೆ ಆ ಬಿಸಿಲು ಕಂಡರೆ ತಡೆಯಲು ಆಗುವುದಿಲ್ಲ. ನಾನೂ ಒಂದು ಸಲ ಚಿಗುರಿದ ಗಿಡ ಹೊರಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಚಿಗುರೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತು ಬಿದ್ದಿತ್ತು. ಆಮೇಲೆ ಹಗಲು ಹೊರಗೆ, ರಾತ್ರಿ ಒಳಗೆ, ಮೇ ಮೂರನೇ ವಾರದ ತನಕ ಹೀಗೇ ಎಳೆದಾಡಿದೆ. ಅದರಿಂದ ಬೆಳೆ 3–4 ವಾರ ಬೇಗ ಬಂತು.

ಇಟಲಿ ಅಜ್ಜ ಇನ್ನೊಂದು ಉಪಾಯ ಹೇಳಿಕೊಟ್ಟರು. ಕಾಯಿ ಬಲಿತು, ದಿನಗಟ್ಟಲೆ ಒಂದೇ ಗಾತ್ರದಲ್ಲಿ ನಿಂತುಬಿಟ್ಟಾಗ ಅದರ ತಳದ ಕಣ್ಣಿಗೆ, ಅಂದರೆ ಅಲ್ಲಿರುವ ಸಣ್ಣ ತೂತಿಗೆ, ಒಂದು ಹನಿ ಆಲಿವ್ ಎಣ್ಣೆ ಹಚ್ಚಬೇಕು. ಮೆಡಿಟರೇನಿಯನ್ ಕಡೆ ಇದು ಬಹಳ ಹಳೇ ಪದ್ಧತಿ. ಎಣ್ಣೆ ತಾಗಿದ ಕಾಯಿ ಹಣ್ಣಾಗಿಸುವ ಎಥಿಲೀನ್ ಅನಿಲವನ್ನು ಬೇಗ ಬಿಡುತ್ತದೆ. ಎಳೇ ಕಾಯಿಗೆ ಹಚ್ಚಿದರೆ ಉದುರುತ್ತದೆ, ಅದಕ್ಕೆ ಕಾಯಿ ಒಳಗೆ ಕೆಂಪಾಗಿದೆಯಾ ಅಂತ ಒಂದನ್ನು ಕೊಯ್ದು ನೋಡಿಕೊಳ್ಳಿ. ನನಗೆ ಹಚ್ಚಿದ ಕಾಯಿ ಪಕ್ಕದ ಕಾಯಿಗಿಂತ ಒಂದು ವಾರ ಮುಂಚೆ ಹಣ್ಣಾಯಿತು. ಆ ಚಳಿಯಲ್ಲಿ ಒಂದು ವಾರ ಅಂದರೆ ದೊಡ್ಡದು.

ಹುಳದ ಬಗ್ಗೆಯೂ ಕೇಳುತ್ತಾರೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ನಾವೆಲ್ಲ ಕೇಳಿ ಬೆಳೆದವರು, ಅಂಜೂರವೂ ಅತ್ತಿಯ ದಾಯಾದಿಯೇ. ಎರಡರಲ್ಲೂ ಹೂ ಒಳಗೇ ಇರುತ್ತದೆ. ಕೆಲವು ತಳಿಗೆ, ಟರ್ಕಿಯ ಸ್ಮಿರ್ನಾ ಥರದವಕ್ಕೆ, ಒಂದು ಪುಟ್ಟ ಕಣಜ ಒಳಗೆ ಹೊಕ್ಕು ಪರಾಗ ಮುಟ್ಟಿಸಲೇಬೇಕು. ಮನೆಯಲ್ಲಿ ಬೆಳೆಯುವ ಸಾಮಾನ್ಯ ಅಂಜೂರಕ್ಕೆ ಅದು ಬೇಕಿಲ್ಲ. ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ.

ಕಾಯಿಯ ಕತ್ತು ಬಾಗಿ ಜೋತುಬಿದ್ದಾಗ ಕೀಳಿ. ಬಣ್ಣ ನೋಡಿ ಮೋಸ ಹೋಗಬೇಡಿ. ಕಿತ್ತಾಗ ಬಿಳಿ ಹಾಲು ಒಸರಿದರೆ ಇನ್ನೂ ಎರಡು ದಿನ ಬೇಕಿತ್ತು ಅಂತ ಲೆಕ್ಕ. ಆ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆ ಏಳುತ್ತದೆ. ಚಾಟ್ನಿ ಮಾಡುವಾಗ ತುಂಬು ತೋಳಿನ ಅಂಗಿ ಹಾಕಿ, ಮಕ್ಕಳನ್ನು ದೂರ ಇಡಿ.

ಮೂರನೇ ವರ್ಷ ಸೆಪ್ಟೆಂಬರ್‌ನಲ್ಲಿ 11 ಹಣ್ಣು ಸಿಕ್ಕಿತು. ಮೊಮ್ಮಗಳು ಮೊದಲನೆಯದನ್ನು ಎರಡು ಕೈಯಲ್ಲಿ ಹಿಡಿದು ತಿಂದಳು. ರುಚಿ ಬಳ್ಳಾರಿಯದಕ್ಕೆ ಸಮವಾ ಅಂತ ಕೇಳಿದರೆ, ಇಲ್ಲ, ನಮ್ಮ ಬಿಸಿಲಿನ ಸಕ್ಕರೆ ಅದಕ್ಕೆ ಬರಲಿಲ್ಲ. ಆದರೆ ಅಲ್ಲಿಯ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ ತಾಜಾ ಅಂಜೂರಕ್ಕಿಂತ ಎಷ್ಟೋ ಪಾಲು ಮೇಲು. ಅಂಗಡಿಯದನ್ನು ದೂರ ಸಾಗಿಸಬೇಕು ಅಂತ ಗಟ್ಟಿ ಇದ್ದಾಗಲೇ ಕಿತ್ತಿರುತ್ತಾರೆ.

ಕೊನೆಗೆ ಎಲ್ಲರೂ ಕೇಳುವ ಇನ್ನೊಂದು ಮಾತು: "ಇಲ್ಲಿಂದಾನೇ ನಾಲ್ಕು ಕಡ್ಡಿ ಬ್ಯಾಗಲ್ಲಿ ಒಯ್ದರ ಆಗಲ್ವೇನ್ರೀ?" ಆಗಲ್ಲ. ಸರಿಯಾದ ಪ್ರಮಾಣಪತ್ರ, ಅನುಮತಿ ಇಲ್ಲದೆ ಗಿಡದ ಕಡ್ಡಿ ಒಯ್ಯುವುದು ಕಾನೂನಿಗೆ ವಿರುದ್ಧ. ನಮ್ಮ ಗಿಡದ ತುಕ್ಕು ರೋಗ, ನಮ್ಮ ಮಣ್ಣಿನ ಜಂತು ಅಲ್ಲಿಗೆ ಹೋಗುವುದು ಬೇಡ. ಅಲ್ಲಿಯೇ ಅಂಜೂರ ಸಾಕುವ ಯಾರನ್ನಾದರೂ ಕೇಳಿ, ಗಿಡ ಮಲಗಿದ್ದಾಗ ಚಾಟ್ನಿ ಮಾಡಿದ ಕಡ್ಡಿಯನ್ನು ಖುಷಿಯಿಂದ ಕೊಡುತ್ತಾರೆ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, 3–4 ಗೆಣ್ಣು ಇರುವ ಕಡ್ಡಿ ಸಾಕು. ಹಸಿ ಮಣ್ಣಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಬೆಚ್ಚಗಿನ ಕೋಣೆಯಲ್ಲಿಡಿ. ಒಂದು ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ.