ಪಾಟನಿನ ವಾರ್ಡ್ ಕಚೇರಿಯಲ್ಲಿ ಕಂಡ ನೇಪಾಳ

ನೇಪಾಳಕ್ಕೆ ಹೋಗಿಬಂದ ನಮ್ಮವರು ಪಶುಪತಿನಾಥನ ವಿಷಯ ಎತ್ತದೆ ಇರುವುದಿಲ್ಲ. ಅಲ್ಲಿ ಪೂಜೆ ಮಾಡುವವರು ಕರ್ನಾಟಕ ಮೂಲದ ಭಟ್ಟರು ಎಂಬ ಹೆಮ್ಮೆ ಬೇರೆ. ಆ ಹೆಮ್ಮೆ ನನಗೂ ಇದೆ. ಆದರೆ ಆ ದೇಶದ ಪರಿಚಯ ಬೇಕೆನ್ನುವವರು ಅಲ್ಲಿನ ‘ವಡಾ ಕಾರ್ಯಾಲಯ’ಕ್ಕೆ, ಅಂದರೆ ವಾರ್ಡ್ ಕಚೇರಿಗೆ, ಒಮ್ಮೆ ಹೋಗಲೇಬೇಕು.

ಕಾಠ್ಮಂಡುವಿನ ಪಕ್ಕದ ಪಾಟನಿನ ಗೆಳತಿಯ ಮಗನಿಗೆ ಹದಿನಾರು ತುಂಬಿತ್ತು. ಪೌರತ್ವದ ಪ್ರಮಾಣಪತ್ರ ಜಿಲ್ಲಾಡಳಿತ ಕಚೇರಿಯಲ್ಲಿ ಸಿಗುತ್ತದೆ, ಅದಕ್ಕೆ ಮೊದಲು ವಾರ್ಡಿನ ‘ಸಿಫಾರಿಸ್’ ಪತ್ರ ಬೇಕು. ನಾನೂ ಜೊತೆಗೆ ಹೋದೆ. ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ಶುಲ್ಕ ಎಂದು ಬರೆದ ದೊಡ್ಡ ಫಲಕ ಗೋಡೆಯ ಮೇಲಿತ್ತು. ಕಾಗದಗಳ ತಾರೀಖೆಲ್ಲ ವಿಕ್ರಮ ಸಂವತ್‌ನದು.

2008ರಲ್ಲಿ ಅರಸೊತ್ತಿಗೆ ಕೊನೆಗೊಂಡಿತು, 2015ರಲ್ಲಿ ಹೊಸ ಸಂವಿಧಾನ ಬಂತು. ಈಗ ಅಲ್ಲಿ 7 ಪ್ರಾಂತ್ಯಗಳು, 753 ಸ್ಥಳೀಯ ಸರ್ಕಾರಗಳು. ವಾರ್ಡಿಗೆ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಆ ನಾಲ್ವರಲ್ಲಿ ಇಬ್ಬರು ಮಹಿಳೆಯರಿರಬೇಕು, ಅವರಲ್ಲೊಬ್ಬರು ದಲಿತ ಮಹಿಳೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ನ್ಯಾಯಿಕ ಸಮಿತಿ. ಪ್ರತಿ ಸ್ಥಳೀಯ ಸರ್ಕಾರದಲ್ಲೂ ಉಪಾಧ್ಯಕ್ಷರು ಅಥವಾ ಉಪಮೇಯರ್ ಇದನ್ನು ನಡೆಸುತ್ತಾರೆ. ಅಧ್ಯಕ್ಷ–ಉಪಾಧ್ಯಕ್ಷ ಅಥವಾ ಮೇಯರ್–ಉಪಮೇಯರ್ ಎರಡೂ ಸ್ಥಾನಗಳಿಗೆ ಸ್ಪರ್ಧಿಸುವ ಪಕ್ಷ ಒಂದಕ್ಕೆ ಮಹಿಳೆಯನ್ನು ನಿಲ್ಲಿಸಬೇಕು ಎಂದಾಗ ಪಕ್ಷಗಳು ಮೇಲಿನ ಕುರ್ಚಿಯನ್ನು ಗಂಡಸರಿಗೆ ಇಟ್ಟುಕೊಂಡು ಎರಡನೆಯದನ್ನು ಹೆಂಗಸರಿಗೆ ಬಿಟ್ಟವು. ಹಾಗಾಗಿ 2017ರ ಚುನಾವಣೆಯ ನಂತರ ನ್ಯಾಯ ಹೇಳುವ ಜಾಗದಲ್ಲಿ ಬಹುಪಾಲು ಹೆಂಗಸರೇ ಕುಳಿತರು! ಇವರ ಮುಂದೆ ಬರುವ ವ್ಯಾಜ್ಯಗಳನ್ನು ನೋಡಿ: ಬದು, ಕಾಲುವೆ ನೀರಿನ ಸರದಿ, ಕೊಡದ ಕೂಲಿ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳು, ನಮ್ಮ ಸೂರಿನ ನೀರು ಪಕ್ಕದವರ ಜಾಗಕ್ಕೆ ಬೀಳುವುದು, ಜಾಗ ಬಿಡದೆ ನೆರೆಮನೆಯ ಕಡೆಗೆ ಕಿಟಕಿ ಇಟ್ಟದ್ದು. ಸೂರಿನ ನೀರನ್ನೂ ಹೆಸರಿಸಿ ಬರೆದ ಕಾನೂನು ಜನರ ಬದುಕನ್ನು ಹತ್ತಿರದಿಂದ ಕಂಡವರದು. ನಮ್ಮ ಗ್ರಾಮ ಪಂಚಾಯಿತಿಯ ಹೆಣ್ಣುಮಕ್ಕಳಿಗೂ ಇಂಥ ಅಧಿಕಾರ ಸಿಗಬೇಕೆಂಬುದು ನನ್ನ ಬಲವಾದ ಆಸೆ.

ಗೆಳತಿಯ ಮಗನ ಪತ್ರ ಅಂದೇ ಕೈಸೇರಿತು. ಅವಳ ತಂಗಿಯ ಮಗನದು ಬೇರೆಯೇ ಕಥೆ. ತಂಗಿ ಮದುವೆಯಾದದ್ದು ಭಾರತೀಯನನ್ನು. ನೇಪಾಳಿ ಗಂಡಸು ವಿದೇಶಿ ಹೆಣ್ಣನ್ನು ಮದುವೆಯಾದರೆ ಮಕ್ಕಳು ವಂಶಜ ನಾಗರಿಕರು, ಅಂದರೆ ವಂಶದ ಹಕ್ಕಿನಿಂದಲೇ ನಾಗರಿಕರು. ನೇಪಾಳಿ ಹೆಣ್ಣು ವಿದೇಶಿಯನ್ನು ಮದುವೆಯಾದರೆ ಮಕ್ಕಳಿಗೆ ಸಿಗಬಹುದಾದದ್ದು ಅಂಗೀಕೃತ ಪೌರತ್ವ, ಅಂದರೆ ಅರ್ಜಿ ಹಾಕಿ ಪಡೆಯುವಂಥದ್ದು, ಅದೂ ಅಲ್ಲೇ ನೆಲೆಸಿದ್ದು ಬೇರೆ ದೇಶದ ಪೌರತ್ವ ಪಡೆಯದಿದ್ದರೆ ಮಾತ್ರ. ಅಂಥವರು ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ ಆಗುವಂತಿಲ್ಲ.

ಹೆಣ್ಣಿಗೆ ನ್ಯಾಯ ಹೇಳುವ ಹಕ್ಕು ಕೊಟ್ಟ ಸಂವಿಧಾನವೇ ತನ್ನ ಪೌರತ್ವವನ್ನು ಮಕ್ಕಳಿಗೆ ದಾಟಿಸುವ ಸಮಾನ ಹಕ್ಕನ್ನು ಅವಳಿಗೆ ಕೊಟ್ಟಿಲ್ಲ. ಗೆಳತಿಯನ್ನು ಕೇಳಿದೆ. “ಅದಕ್ಕಾಗಿ ಬೀದಿಗಿಳಿದವರಲ್ಲಿ ನಾನೂ ಇದ್ದೆ ದಿದಿ, ಮುಂದೆಯೂ ಇಳಿಯುತ್ತೇನೆ” ಎಂದಳು.